ಭಾರಕ್ಕೆ ಕೂತವರು

ಲೋಟಕ್ಕೆ ನೂರು ಮಿಲಿಲೀಟರ್ ನೀರು ಹುಯ್ದು, ಅದನ್ನು ಆಟದ ಲಾರಿಯ ಬೆನ್ನಿಗೆ ಬಿಗಿದು, ಶೇಷಪ್ಪ ಅಂಗಳದ ಆಚೆ ತುದಿಗೆ ಹೋಗಿ ನಿಂತ. ದೂರದಿಂದ ಲಾರಿ ಓಡಿಸುವ, ಕೈಯಲ್ಲಿದ್ದ ರೇಡಿಯೋ ಪೆಟ್ಟಿಗೆಯ ಕಡ್ಡಿಯನ್ನು ಪೂರ್ತಿ ಎಳೆದು ಹಿಡಿಯನ್ನು ಮುಂದಕ್ಕೆ ಒತ್ತಿದ. ಲಾರಿ ಗುಂಯ್‌ಗುಟ್ಟುತ್ತ ಹೊರಟಿತು. ಅಂಗಳಕ್ಕೆ ಅಡ್ಡಲಾಗಿ ಅವನೇ ಜೋಡಿಸಿಟ್ಟಿದ್ದ ಹೊಳೆಗಲ್ಲುಗಳನ್ನು ಹತ್ತಿ, ಇಳಿದು, ಮತ್ತೆ ಹತ್ತಿ, ಅವನ ಕಾಲ ಬಳಿ ಬಂದು ನಿಂತಿತು.

"ಎಷ್ಟು ಉಳೀತೋ?" ಜಗಲಿಯ ಮೇಲಿಂದ ಅಕ್ಕ ವರದಮ್ಮ ಕೇಳಿದಳು.

ಶೇಷಪ್ಪ ಉಳಿದ ನೀರನ್ನು ಅಳತೆಯ ಗಾಜಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿದ. "ಅರವತ್ತೆಂಟು."

"ನಿನ್ನೆ ಅರವತ್ತಾರು ಅಂದಿದ್ದೆ. ಎರಡು ಹನಿಗೆ ಒಂದು ದಿನ ಹೋಯ್ತು."

ಅವಳಿಗೆ ನಗು ಬರುತ್ತಿತ್ತು. ನಕ್ಕರೆ ಸೊಂಟದಲ್ಲಿ ಚಳಕು ಹೊಡೆಯುತ್ತಿದ್ದುದರಿಂದ ಮೂಗಿನಲ್ಲಷ್ಟೇ ನಗುತ್ತಿದ್ದಳು. ಮೂರು ವಾರದಿಂದ ಅವಳು ಬಾಗಿಲ ಹಲಗೆಯೊಂದರ ಮೇಲೆ ಅಂಗಾತ ಮಲಗಿದ್ದಳು.

ಅದು ಎಂಬತ್ತಾರನೆಯ ಇಸವಿಯ ಮೇ ತಿಂಗಳು. ಶೇಷಪ್ಪ ಸಾಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಆ ಲಾರಿ ಅವನದಲ್ಲ. ಜೊತೆಯ ಕೆಮಿಸ್ಟ್ರಿ ಮೇಷ್ಟ್ರು ಕೃಷ್ಣಯ್ಯನವರ ಭಾವಮೈದುನ ದುಬೈಯಿಂದ ತಂದದ್ದು. ಸಿಮೆಂಟಿನ ನೆಲದ ಮೇಲೆ ಚೆನ್ನಾಗಿ ಓಡುತ್ತಿದ್ದ ಅದು ಸಾಗರದ ಕಲ್ಲುನೆಲಕ್ಕೆ ಇಳಿದರೆ ಕಪ್ಪೆಯಂತೆ ಹಾರಿ ಮಗುಚಿಕೊಳ್ಳುತ್ತಿತ್ತು. "ನಿಮ್ಮ ಲ್ಯಾಬಲ್ಲಿಟ್ಟು ಏನಾದರೂ ಮಾಡಿ ಮಾರಾಯ್ರೆ" ಎಂದು ಕೃಷ್ಣಯ್ಯ ತಂದುಕೊಟ್ಟಿದ್ದರು. ಶೇಷಪ್ಪ ಐದು ತಿಂಗಳಿಂದ ಅದರ ಹಿಂದೆ ಬಿದ್ದಿದ್ದ. ಚಾರ್ಜು ಹಿಡಿಯದ ಬ್ಯಾಟರಿ ತೆಗೆದು ಟಾರ್ಚಿನ ಸೆಲ್ಲು ಕೂರಿಸಿದ್ದ. ಗಟ್ಟಿ ಸ್ಪ್ರಿಂಗು ತೆಗೆದು ಮೆದುವಾದ ಸ್ಪ್ರಿಂಗು ಹಾಕಿದ್ದ. ಚಕ್ರದ ಪಕ್ಕದಲ್ಲಿದ್ದ ಕಿರುಬೆರಳಿನಷ್ಟು ದಪ್ಪದ ನಾಲ್ಕು ಕೊಳವೆಗಳಲ್ಲಿ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಇಂಜಿನ್ ಎಣ್ಣೆ, ಕೊನೆಗೆ ಹರಳೆಣ್ಣೆ ತುಂಬಿ ನೋಡಿದ್ದ. ಸ್ಪ್ರಿಂಗಿಗೆ ಮರೆವು ಎಂಬುದಿಲ್ಲ. ಒಂದು ಏಟು ಬಿದ್ದರೆ ಅದನ್ನೇ ಹತ್ತು ಸಲ ಕುಣಿದು ಹೇಳುತ್ತದೆ. ಅದನ್ನು ಮರೆಸುವ ಕೆಲಸ ಎಣ್ಣೆಯದು. ಎಷ್ಟು ಮರೆಸಬೇಕು ಎಂಬುದೇ ಲೆಕ್ಕ.

ಬೇಸಿಗೆ ರಜೆಗೆ ಅಕ್ಕನ ಮನೆಗೆ ಬರುವಾಗ ಅದನ್ನು ಕಾಲಕ್ಷೇಪಕ್ಕೆಂದು ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಹೆರಗೋಡು ನಿಟ್ಟೂರಿನಿಂದ ಏಳು ಮೈಲಿ ಮೇಲೆ, ಕಾಡಿನ ಅಂಚಿನ ಊರು. ಅವನು ಬಂದ ನಾಲ್ಕನೆಯ ದಿನ ವರದಮ್ಮ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಲು ಹೋಗಿ ಏಣಿಯಿಂದ ಬಿದ್ದಳು. ಭರಣಿಗೆ ಏನೂ ಆಗಲಿಲ್ಲ.

ನಿಟ್ಟೂರಿನಿಂದ ನಡೆದು ಬಂದ ಡಾಕ್ಟರು ಅವಳ ಬೆನ್ನನ್ನು ಬೆರಳಲ್ಲಿ ಒತ್ತಿ ನೋಡಿ, ಶೇಷಪ್ಪನನ್ನೂ ಭಾವ ಪುಟ್ಟಪ್ಪನನ್ನೂ ಅಂಗಳಕ್ಕೆ ಕರೆದು ಹೇಳಿದ್ದರು: "ಸೊಂಟದ ಮೇಲಿನ ಮೂಳೆ ಬಿರುಕು ಬಿಟ್ಟಿದೆ. ಕಾಲಿನ ನರ ಇನ್ನೂ ಸರಿ ಇದೆ, ಬೆರಳು ಅಲ್ಲಾಡ್ತವೆ. ಸಾಗರಕ್ಕೆ ಕರ್ಕೊಂಡು ಹೋಗಿ. ಬುಧವಾರ ಬುಧವಾರ ಮೂಳೆ ಡಾಕ್ಟರು ಬರ್ತಾರೆ, ಪಟ್ಟು ಹಾಕ್ತಾರೆ. ಹಾಗೇ ಬಿಟ್ಟರೆ ಕಷ್ಟ. ಆದರೆ ದಾರೀಲಿ ಎತ್ತಿಹಾಕಿದ ಹಾಗೆ ಒಂದು ಕುಲುಕು ಬಿದ್ದರೂ ಕಾಲು ಹೋಗ್ತವೆ. ಆಮೇಲೆ ಯಾರೇನು ಮಾಡೋ ಹಾಗಿಲ್ಲ."

ಕಂಬಳಿ ಜೋಲಿಯಲ್ಲಿ ಹೊತ್ತರೆ ಬೆನ್ನು ಬಾಗುತ್ತದೆ. ಉಳಿದದ್ದು ಹಲಗೆ. ನಾಲ್ಕು ಜನ ಹೆಗಲು ಕೊಟ್ಟು ಏಳು ಮೈಲಿ ಇಳಿಸಬಹುದು ಎಂದು ಪುಟ್ಟಪ್ಪ ಬಾಯಿಬಿಟ್ಟಾಗ ವರದಮ್ಮ ಕಣ್ಣು ಮುಚ್ಚಿಕೊಂಡಳು.

"ಜೀವ ಇರೋವಾಗ ನಾಲ್ಕು ಜನರ ಹೆಗಲ ಮೇಲೆ ನಾನು ಹೋಗಲ್ಲ. ಆ ಸವಾರಿ ಒಂದೇ ಸಲ ಇರೋದು. ಈಗ್ಲೇ ಮುಗಿಸಿಕೊಂಡ್ರೆ ಆಮೇಲೆ ಹ್ಯಾಗೆ ಹೋಗ್ಲಿ?"

ಹೊರಬೇಕಾದವರೂ ಹಿಂಜರಿದರು. ಮುತ್ತೈದೆಯನ್ನು ಹಲಗೆಯ ಮೇಲೆ ಹೊತ್ತು ಊರಬಾಗಿಲು ದಾಟುವುದು ಯಾರ ಹೆಗಲಿಗೂ ಬೇಡವಾಗಿತ್ತು. ಇನ್ನು ಇದ್ದದ್ದು ಸಂತೆಗೆ ಜನ ಸಾಗಿಸುವ ಜಟ್ಟಿಂಗಪ್ಪನ ಜೀಪು. ಜೂನ್ ಮೊದಲ ವಾರ ಮಳೆ ಹಿಡಿದರೆ ನಡುವಿನ ಹಳ್ಳ ತುಂಬಿ ಜೀಪೂ ಇಲ್ಲ. ಮೂರು ತಿಂಗಳು ಅವಳು ಹೀಗೇ ಮಲಗಿದರೆ ಏಳುವುದು ಸುಳ್ಳು.

ಶೇಷಪ್ಪನನ್ನು ಓದಿಸಿದವಳು ಈ ಅಕ್ಕ. ತಾಯಿ ಹೋದ ಮೇಲೆ ಅವನ ತಲೆಗೆ ಎಣ್ಣೆ ಇಟ್ಟವಳೂ ಅವಳೇ. ಆದ್ದರಿಂದ ಅವನು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ: ಲಾರಿಯನ್ನು ಅಂಗಳಕ್ಕೆ ಇಳಿಸಿ ನೀರು ಅಳೆಯಲು ಕೂತ. ಏಳು ಮೈಲಿಯ ಕಲ್ಲುದಾರಿಯಲ್ಲಿ ಲೋಟದ ನೀರು ಉಳಿಸಲು ಕಲಿತರೆ ಅಕ್ಕನ ಕಾಲು ಉಳಿಸಬಹುದು ಎಂದು ಅವನು ನಂಬಿದ್ದ.

ಅರವತ್ತೆಂಟು ಬಂದ ಮರುದಿನ ಜಟ್ಟಿಂಗಪ್ಪ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದ. ಐವತ್ತರ ಆಸುಪಾಸಿನ, ಕಿವಿಯ ಮೇಲೆ ಸದಾ ಒಂದು ಬೀಡಿ ಸಿಕ್ಕಿಸಿಕೊಂಡಿರುವ ಮನುಷ್ಯ. ಶೇಷಪ್ಪ ಜೀಪಿನ ಹಿಂದಿನ ಬಂಪರಿನ ಮೇಲೆ ಹತ್ತಿ ಕುಕ್ಕಿ, ಇಳಿದು, ಗಡಿಯಾರ ಹಿಡಿದು ಅದರ ಕುಣಿತ ಎಣಿಸಿದ. ಒಂದು ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು. ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಅಡ್ಡಾಡುವವರ ಹೆಜ್ಜೆಯ ಲಯಕ್ಕೆ ಅದನ್ನು ಇಳಿಸಬೇಕು. ಲಾರಿಗೆ ಮೆದು ಸ್ಪ್ರಿಂಗು ಹಾಕಿದಾಗ ಆದದ್ದು ಅದೇ. ಜೀಪಿಗೆ ಸ್ಪ್ರಿಂಗೆಂದರೆ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿದ ಕಮಾನು.

"ಹಿಂದಿನ ಕಮಾನಿನಲ್ಲಿ ಮೂರು ಪಟ್ಟಿ ತೆಗೆದುಬಿಡಿ" ಎಂದ.

"ತೆಗೆದ್ರೆ ಜೀಪು ಮಲಗ್ತದೆ ಮೇಷ್ಟ್ರೆ."

"ಮಲಗಲ್ಲ. ಲೆಕ್ಕ ಹಾಕಿದೀನಿ."

ಜಟ್ಟಿಂಗಪ್ಪ ಅವನ ಮುಖವನ್ನೂ ಆಟದ ಲಾರಿಯನ್ನೂ ಒಂದು ಸಲ ನೋಡಿ, ಬೀಡಿ ತೆಗೆದು ಜೇಬಿಗಿಟ್ಟು, ಪಾನಾ ಹಿಡಿದು ಜೀಪಿನ ಕೆಳಗೆ ತೂರಿದ. ಮಧ್ಯಾಹ್ನದ ಹೊತ್ತಿಗೆ ಮೂರು ಪಟ್ಟಿ ಹೊರಗೆ ಬಂದವು. ಜೀಪಿನ ಹಿಂಬದಿಗೆ ಹುಲ್ಲು ಹಾಸಿ, ವರದಮ್ಮನ ಬದಲು ಅದರ ಮೇಲೆ ಒಂದು ಮಣ್ಣಿನ ಕೊಡ ನೀರಿಟ್ಟು ಪರೀಕ್ಷೆಗೆ ಹೊರಟರು. ಮೊದಲ ಎರಡು ಮೈಲಿ ಕೊಡ ತುಳುಕಲಿಲ್ಲ. ಶೇಷಪ್ಪ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದ್ದ. ಆಗ ಹಳ್ಳ ಬಂತು. ಮುಂದಿನ ಚಕ್ರ ನೀರಿಗಿಳಿದು ಹತ್ತಿತು. ಹಿಂದಿನ ಚಕ್ರ ಇಳಿದಾಗ ಕಮಾನು ಪೂರ್ತಿ ಕುಗ್ಗಿ, ಕಬ್ಬಿಣಕ್ಕೆ ಕಬ್ಬಿಣ ಬಡಿದು, ಗುಂಡು ಹೊಡೆದ ಹಾಗೆ ಸದ್ದಾಯಿತು. ಒಂದು ಪಟ್ಟಿ ಮುರಿದಿತ್ತು. ಕೊಡ ಒಡೆದು ಹುಲ್ಲೆಲ್ಲ ತೊಯ್ದಿತ್ತು.

ಶೇಷಪ್ಪ ಹಳ್ಳದ ಬಂಡೆಯ ಮೇಲೆ ಕೂತ. ಆ ಹುಲ್ಲಿನ ಮೇಲೆ ಅಕ್ಕ ಮಲಗಬೇಕಾಗಿತ್ತು.

"ನಾನು ಹೇಳಿದ್ದೆ ಅಂತ ಹೇಳಲ್ಲ ಮೇಷ್ಟ್ರೆ," ಜಟ್ಟಿಂಗಪ್ಪ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ. "ಆದ್ರೆ ಹೇಳಿದ್ದೆ."

ಎರಡು ದಮ್ಮು ಎಳೆದು ಅವನೇ ಅಂದ: "ಈ ಜೀಪು ಖಾಲಿ ಇದ್ದಾಗ ಹೀಗೇ. ನಾನೊಬ್ಬನೇ ಹೋದ್ರೆ ನನ್ನ ಹಲ್ಲು ಉದುರಿಸ್ತದೆ. ಅದೇ ನಿಟ್ಟೂರು ಸಂತೆ ದಿನ ಹದಿನೆಂಟು ಜನ ಹತ್ತಿ ಕೂರ್ಲಿ. ಬಾಣಂತಿ ಮಲಗಿಸಿದ್ರೂ ಎಚ್ಚರ ಆಗೋದಿಲ್ಲ. ಹೊರೋದಕ್ಕೆ ಅಂತ ಮಾಡಿದ ಗಾಡಿ ಇದು. ಹೊರೆ ಇಲ್ದಿದ್ರೆ ಅದಕ್ಕೆ ತಲೆ ನಿಲ್ಲಲ್ಲ."

ಶೇಷಪ್ಪ ತಲೆಯೆತ್ತಿ ಅವನನ್ನು ನೋಡಿದ. ತೂಕ ಹೆಚ್ಚಿದರೆ ಕುಣಿತ ನಿಧಾನವಾಗುತ್ತದೆ ಎಂಬುದನ್ನು ಅವನು ಪ್ರತಿವರ್ಷ ಜುಲೈ ತಿಂಗಳಲ್ಲಿ ಪಿಯುಸಿ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದ. ಸ್ಪ್ರಿಂಗು ಮೆದು ಮಾಡುವುದಕ್ಕೂ ಅದರ ಮೇಲಿನ ಭಾರ ಹೆಚ್ಚಿಸುವುದಕ್ಕೂ ಲಯದ ಮಟ್ಟಿಗೆ ವ್ಯತ್ಯಾಸವಿಲ್ಲ. ಮೇಲಾಗಿ ಭಾರ ಹೆಚ್ಚಿದ ಗಾಡಿಯನ್ನು ಕಲ್ಲು ಸುಲಭಕ್ಕೆ ಎತ್ತಿಹಾಕಲಾರದು. ಇಷ್ಟು ಗೊತ್ತಿದ್ದೂ ಅವನು ಐದು ತಿಂಗಳು ಖಾಲಿ ಲಾರಿಯನ್ನೇ ತಿದ್ದಿದ್ದ. ಲಾರಿಗೆ ಹೊರೆ ಹಾಕಿ ನೋಡಬೇಕು ಎಂದು ಒಂದು ದಿನವೂ ಅನಿಸಿರಲಿಲ್ಲ.

ಸಂಜೆ ಮನೆಗೆ ಬಂದವನೇ ಲಾರಿಯ ಹಳೆಯ ಗಟ್ಟಿ ಸ್ಪ್ರಿಂಗುಗಳನ್ನು ಮರಳಿ ಹಾಕಿದ. ಮನೆಯ ತಕ್ಕಡಿಯ ಒಂದು ಕಿಲೋ ಬಟ್ಟು ಎರಡನ್ನು ಅದರ ಬೆನ್ನಿಗೆ ಕಟ್ಟಿ, ನಡುವೆ ಲೋಟ ಇಟ್ಟು, ಅದೇ ಹೊಳೆಗಲ್ಲುಗಳ ಮೇಲೆ ಬಿಟ್ಟ. ಲಾರಿ ಈ ಸಲ ಹಾರಲಿಲ್ಲ. ತುಂಬಿದ ಬಸುರಿಯಂತೆ ಒಂದೊಂದೇ ಕಲ್ಲನ್ನು ಹತ್ತಿ ಇಳಿದು ಬಂತು.

"ಎಷ್ಟು?" ಎಂದಳು ವರದಮ್ಮ.

ಅವನು ಎರಡು ಸಲ ನೋಡಿದ. "ತೊಂಬತ್ತೊಂದು."

ಅವಳು ಕಾಲಿನ ಬೆರಳುಗಳನ್ನು ಒಂದು ಸಲ ಅಲ್ಲಾಡಿಸಿ ನೋಡಿಕೊಂಡಳು. ದಿನಕ್ಕೆ ಎಷ್ಟು ಸಲ ಹಾಗೆ ನೋಡಿಕೊಳ್ಳುತ್ತಿದ್ದಳೋ.

ಜಟ್ಟಿಂಗಪ್ಪ ಎರಡು ದಿನದಲ್ಲಿ ಮುರಿದ ಪಟ್ಟಿ ಬದಲಿಸಿ ಕಮಾನನ್ನು ಮೊದಲಿನಂತೆ ಕಟ್ಟಿದ. ಎಂಟು ಮೂಟೆ ಭತ್ತ ಹೇರಿದರೆ ಸಾಕು ಎಂದು ಶೇಷಪ್ಪ ಲೆಕ್ಕ ತೆಗೆದಿದ್ದ. ಜಟ್ಟಿಂಗಪ್ಪ ತಲೆಯಾಡಿಸಿದ.

"ಮೂಟೆ ಆಗಲ್ಲ. ಹಳ್ಳ ದಾಟಿದ ಮೇಲೆ ದಿಣ್ಣೆ ಉಂಟಲ್ಲ, ಅಲ್ಲಿ ಅಷ್ಟು ಭಾರ ಎಳೀಲಿಕ್ಕಾಗಲ್ಲ. ಚಕ್ರ ಜಾರಿ ಹಿಂದಕ್ಕೆ ಬಂದ್ರೆ ಮುಗೀತು. ಮೂಟೆಗೆ 'ಸ್ವಲ್ಪ ಇಳೀರಿ' ಅಂತ ಹೇಳ್ಲಿಕ್ಕಾಗ್ತದಾ? ಜನ ಆದ್ರೆ ಇಳೀತಾರೆ, ತಳ್ತಾರೆ, ಮೇಲೆ ಹೋಗಿ ಮತ್ತೆ ಹತ್ತುತಾರೆ. ಎಂಟು ಜನ ಕರೀರಿ."

ಶೇಷಪ್ಪನಿಗೆ ಇದು ಪಟ್ಟಿ ತೆಗೆಸುವುದಕ್ಕಿಂತ ಕಷ್ಟದ ಕೆಲಸವಾಗಿ ಕಂಡಿತು. ಮಳೆ ಬರುವ ಮೊದಲು ಸೌದೆ ಒಳಗಿಡಬೇಕು, ಕಾಡಿನ ದರಗೆಲೆ ಗುಡಿಸಬೇಕು, ಗದ್ದೆಗೆ ಗೊಬ್ಬರ ಹೊರಬೇಕು. ಊರಿನಲ್ಲಿ ಒಬ್ಬರಿಗೂ ಬಿಡುವಿರಲಿಲ್ಲ. ಅಂಥವರ ಮನೆಗೆ ಹೋಗಿ 'ಒಂದು ದಿನ ಬಿಟ್ಟು ಭಾರಕ್ಕೆ ಬನ್ನಿ' ಎಂದು ಹೇಗೆ ಕೇಳುವುದು? ಮೊದಲು ಕೆರಿಯಪ್ಪನ ಮನೆಗೆ ಹೋದ. ಕೆರಿಯಪ್ಪ ಸೌದೆ ಸೀಳುತ್ತಿದ್ದ.

"ಎಂತ ಕೆಲಸ ಮಾಡ್ಬೇಕು?"

"ಏನೂ ಇಲ್ಲ. ಜೀಪಲ್ಲಿ ಕೂತ್ಕೋಬೇಕು."

"ಬರೇ ಕೂರೋದಾ?"

"ದಿಣ್ಣೆ ಬಂದಾಗ ಇಳೀಬೇಕು. ಆಮೇಲೆ ಮತ್ತೆ ಹತ್ಬೇಕು. ನಿಟ್ಟೂರಿನಿಂದ ವಾಪಸು ನಡ್ಕೊಂಡು ಬರ್ಬೇಕಾಗ್ತದೆ. ಜೀಪು ಸಾಗರಕ್ಕೆ ಹೋಗ್ತದೆ."

ಕೆರಿಯಪ್ಪ ಕೊಡಲಿ ಕೆಳಗಿಟ್ಟು ಒಳಗೆ ಕೂಗಿದ: "ಕೇಳಿದೇನೇ? ನಾನು ಭೂಮಿಗೆ ಭಾರ ಅಂತಿದ್ದೆಯಲ್ಲ. ಮೇಷ್ಟ್ರು ಅದನ್ನೇ ಹುಡ್ಕೊಂಡು ಬಂದಿದಾರೆ."

ಅವನೇ ಉಳಿದ ಮನೆಗಳಿಗೆ ಹೇಳಿ ಕಳಿಸಿದ. ಬುಧವಾರ ಬೆಳಿಗ್ಗೆ ಆರು ಗಂಟೆಗೆ ಅಂಗಳದಲ್ಲಿ ಏಳು ಜನ ನಿಂತಿದ್ದರು. ಎಂಟನೆಯವಳಾಗಿ ಬೇಲಿಯ ತಡೆ ದಾಟಿ ಪಕ್ಕದ ಮನೆಯ ಕನ್ನಮ್ಮ ಬರುವುದನ್ನು ಕಂಡು ಪುಟ್ಟಪ್ಪ ಕೈಯಲ್ಲಿದ್ದ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟ. ಬೇಲಿಯ ಮೇಲಿನ ಹಲಸಿನ ಮರ ಯಾರದು ಎಂಬ ಮಾತಿಗೆ ಜಗಳವಾಗಿ ಕನ್ನಮ್ಮನೂ ವರದಮ್ಮನೂ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಕನ್ನಮ್ಮ ಊರಿನಲ್ಲೇ ಎಲ್ಲರಿಗಿಂತ ದಪ್ಪದ ಹೆಂಗಸು.

"ಭಾರ ಬೇಕಂತಲ್ಲ," ಎಂದಳು ಯಾರ ಮುಖವನ್ನೂ ನೋಡದೆ. "ನನ್ನನ್ನ ಬಿಟ್ಟು ಈ ಒಣಕಲುಗಳನ್ನೆಲ್ಲ ಕರ್ದಿದೀರಿ."

ಎಡಬಲ ಸಮ ಇರಬೇಕೆಂದು ಶೇಷಪ್ಪ ತಕ್ಕಡಿ ಕಟ್ಟಿಸಿಟ್ಟಿದ್ದ. ಒಬ್ಬೊಬ್ಬರನ್ನೇ ತೂಗಿ ಪುಸ್ತಕದಲ್ಲಿ ಬರೆದುಕೊಂಡು ಜಾಗ ಹೇಳುತ್ತಿದ್ದ. ಕನ್ನಮ್ಮ ತಕ್ಕಡಿಯ ಹತ್ತಿರವೂ ಸುಳಿಯಲಿಲ್ಲ.

"ನನ್ನ ತೂಕ ಊರಿಗೆಲ್ಲ ಸಾರ್ಬೇಡ. ಈ ಕಡೆ ನಾನು ಕೂತ್ರೆ ಆ ಕಡೆ ಇಬ್ಬರನ್ನ ಕೂರ್ಸು. ಸರಿ ಹೋಗ್ತದೆ."

ಶೇಷಪ್ಪ ಹಾಗೆಯೇ ಕೂರಿಸಿದ. ಬಂಪರಿನ ಹಿಂದೆ ನಿಂತು ನೋಡಿದರೆ ಜೀಪು ಸಮನಾಗಿತ್ತು. ಮತ್ತೆ ಕುಕ್ಕಿ ಕುಣಿತ ಎಣಿಸಿದ. ಬೇಕಾದ ಲಯಕ್ಕೆ ಹತ್ತಿರವಿತ್ತು. ಕಮಾನಿನ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಮೂರನೆಯ ಕುಣಿತಕ್ಕೆಲ್ಲ ಅದನ್ನು ನಿಲ್ಲಿಸುತ್ತಿದ್ದವು. ಸಣ್ಣ ಕಲ್ಲುಗಳ ಏಟನ್ನು ಟಯರೇ ನುಂಗಲೆಂದು ಜಟ್ಟಿಂಗಪ್ಪ ನಾಲ್ಕೂ ಚಕ್ರಗಳ ಗಾಳಿಯನ್ನು ಅರ್ಧಕ್ಕೆ ಇಳಿಸಿದ.

ವರದಮ್ಮನನ್ನು ಹಲಗೆಯ ಸಮೇತ ಎತ್ತಿ, ಎರಡು ಬೆಂಚುಗಳ ನಡುವೆ, ಒತ್ತಿ ಹಾಸಿದ ಹುಲ್ಲಿನ ಮೇಲೆ ಇಳಿಸಿದರು. ಪಾದ ಸ್ವಲ್ಪ ಹೊರಗೆ ಚಾಚಿತ್ತು. ಪುಟ್ಟಪ್ಪ ಮುಂದೆ ಜಟ್ಟಿಂಗಪ್ಪನ ಪಕ್ಕ ಹತ್ತಿದ. ಶೇಷಪ್ಪ ತಲೆಯ ಬಳಿ ಮಂಡಿಯೂರಿ ಕೂತು ಅವಳ ಎರಡೂ ಕಿವಿಗಳಿಗೆ ಅಂಗೈ ಒತ್ತಿ ಹಿಡಿದ. ಸುತ್ತಲೂ ಊರಿನವರ ಮೊಣಕಾಲುಗಳು. ಅವಳು ಅವುಗಳ ನಡುವಿನಿಂದ ಮೇಲೆ ನೋಡಿ, "ನನ್ನ ದಿಬ್ಬಣ ಹೊರಟಾಗಲೂ ಇಷ್ಟು ಜನ ಇರಲಿಲ್ಲ" ಎಂದಳು.

ಜೀಪು ಹೊರಟಿತು. ಕೆರಿಯಪ್ಪ ಬೆಂಚಿನ ತುದಿಯಲ್ಲಿ ಬಗ್ಗಿ ಅವಳ ಪಾದದ ಮೇಲೆ ಕಣ್ಣಿಟ್ಟಿದ್ದ. ಪ್ರತಿ ಹತ್ತು ನಿಮಿಷಕ್ಕೆ "ಬೆರಳು" ಎನ್ನುವನು. ಅವಳು ಬೆರಳು ಅಲ್ಲಾಡಿಸುವಳು. "ಉಂಟು" ಎನ್ನುವನು. ಆಗ ಎಂಟು ಜನರೂ ಒಟ್ಟಿಗೆ ಉಸಿರು ಬಿಡುವುದು ಶೇಷಪ್ಪನಿಗೆ ಕೇಳಿಸುತ್ತಿತ್ತು.

ಹಳ್ಳ ಬಂತು. ಜಟ್ಟಿಂಗಪ್ಪ ನಿಲ್ಲಿಸಿ, ಇಳಿದು, ಹಿಂದಿನ ಸಲ ಚಕ್ರ ಬಿದ್ದ ಹೊಂಡಕ್ಕೆ ಕಾಲಿಟ್ಟು ನೋಡಿ, ಭಾರಕ್ಕೆ ಬಂದಿದ್ದ ಮಂಜಯ್ಯನ ಜೊತೆ ಸೇರಿ ಅದಕ್ಕೆ ಕಲ್ಲು ತುಂಬಿದ. ಮತ್ತೆ ಹತ್ತಿ, ಕುಡುಗೋಲಿನ ಅಲಗು ಸವರುವವನಷ್ಟು ಮೆಲ್ಲಗೆ ಕ್ಲಚ್ಚು ಬಿಟ್ಟ. ಮುಂದಿನ ಚಕ್ರ ಇಳಿಯಿತು, ಹತ್ತಿತು. ಹಿಂದಿನದು ಇಳಿಯುವಾಗ ಶೇಷಪ್ಪ ಕಣ್ಣು ಮುಚ್ಚಿದ. ಜೀಪು ನಿಧಾನವಾಗಿ ಕುಗ್ಗಿ, ನಿಧಾನವಾಗಿ ಎದ್ದಿತು. ನೀರೊಳಗೆ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ. ಕಬ್ಬಿಣದ ಸದ್ದು ಬರಲಿಲ್ಲ.

"ಬೆರಳು."

ಉತ್ತರ ತಡವಾಯಿತು. ಶೇಷಪ್ಪನ ಅಂಗೈಗಳ ನಡುವೆ ಅವಳ ತಲೆ ಬಿಗಿದುಕೊಂಡಿತ್ತು.

"ಉಂಟು, ಉಂಟು" ಎಂದ ಕೆರಿಯಪ್ಪ.

ದಿಣ್ಣೆಯಲ್ಲಿ ಎಂಟೂ ಜನ ಇಳಿದು ತಳ್ಳಿದರು. ನಡೆಯುವವರಷ್ಟೇ ವೇಗದಲ್ಲಿ ಏರಿದ್ದರಿಂದ ಅಲ್ಲಿ ಕುಲುಕಾಟವೇ ಇರಲಿಲ್ಲ. ಕನ್ನಮ್ಮ ಏದುಸಿರು ಬಿಡುತ್ತ ಹತ್ತಿ ಬಂದು ತನ್ನ ಜಾಗದಲ್ಲಿ ಕೂತಳು. ವರದಮ್ಮ ಅವಳ ಕಡೆ ಕಣ್ಣು ತಿರುಗಿಸದೆ, "ಶೇಷ, ಬೆವರಿದವರಿಗೆ ಆ ತಂಬಿಗೆಯ ನೀರು ಕೊಡು" ಎಂದಳು. ಕನ್ನಮ್ಮ ಕುಡಿದು, "ನೀರು ತಣ್ಣಗಿತ್ತು ಅಂತ ಹೇಳು" ಎಂದಳು. ಶೇಷಪ್ಪ ಹೇಳಿದ.

ಏಳು ಮೈಲಿಗೆ ಮೂರೂವರೆ ಗಂಟೆ ಹಿಡಿಯಿತು. ನಿಟ್ಟೂರಿನ ಟಾರು ರಸ್ತೆ ಸಿಕ್ಕಿದಾಗ ಜಟ್ಟಿಂಗಪ್ಪ ಜೀಪು ನಿಲ್ಲಿಸಿ, ಸ್ಟೀರಿಂಗಿನ ಮೇಲಿಂದ ಕೈ ತೆಗೆದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಜನ ಇಳಿದರು. ಇನ್ನು ಅವರ ಕೆಲಸವಿರಲಿಲ್ಲ. ಕೆರಿಯಪ್ಪ ಪಂಚೆ ಮೇಲೆತ್ತಿ ಕಟ್ಟಿದ. ಮಂಜಯ್ಯ ಅಂಗಡಿಯಿಂದ ಹೊಗೆಸೊಪ್ಪು ತಂದ.

ಶೇಷಪ್ಪನಿಗೆ ಏನಾದರೂ ಹೇಳಬೇಕಿತ್ತು. ಕಾಲೇಜಿನಲ್ಲಾದರೆ ವಂದನಾರ್ಪಣೆ ಎಂದು ಒಂದು ಇರುತ್ತದೆ. ಈ ಜನರ ಮುಂದೆ ಆ ಮಾತು ಆಡಿದರೆ ಅವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವನು ಬಾಯಿ ತೆರೆಯುವಷ್ಟರಲ್ಲಿ ಕೆರಿಯಪ್ಪ, "ಬರ್ತೀವಿ ಮೇಷ್ಟ್ರೆ. ಮೋಡ ಆಗ್ತಾ ಉಂಟು, ನನ್ನ ಸೌದೆ ಹೊರಗಿದೆ" ಎಂದು ತಿರುಗಿದ. ಏಳು ಜನ ಸಾಲಾಗಿ, ಈಗಷ್ಟೇ ಇಳಿದು ಬಂದ ದಾರಿ ಹಿಡಿದರು.

ಕನ್ನಮ್ಮ ಮಾತ್ರ ಇಳಿದಿರಲಿಲ್ಲ.

"ಟಾರಿನಲ್ಲೂ ಹೊಂಡ ಉಂಟು," ಎಂದಳು ಹೊರಗೆ ನೋಡುತ್ತ. "ಮತ್ತೆ ಆಸ್ಪತ್ರೇಲಿ ಹೆಂಗಸರ ಕೆಲಸಕ್ಕೆ ಯಾರಿದಾರೆ? ನೀವಿಬ್ಬರು ಗಂಡಸರು ಎಂತ ಮಾಡ್ತೀರಿ?"

ವರದಮ್ಮ ಮೇಲೆ ನೋಡುತ್ತ ಮಲಗಿದ್ದಳು. ಅವಳ ಕಣ್ಣಂಚಿನಿಂದ ಶೇಷಪ್ಪನ ಅಂಗೈಗೆ ಬಿಸಿಯಾದದ್ದೊಂದು ಇಳಿಯಿತು. "ಇವಳು ಗೊರಕೆ ಹೊಡೀತಾಳೆ ಕಣೋ," ಎಂದಳು. "ಬೇಲಿ ಆಚೆಗೂ ಕೇಳ್ತದೆ."

"ಕಿವಿ ಚೆನ್ನಾಗಿದೆ ಹಾಗಾದ್ರೆ. ಕಾಲು ನೋಡ್ಸಿದ್ರೆ ಸಾಕು" ಎಂದಳು ಕನ್ನಮ್ಮ, ನೇರವಾಗಿ ಅವಳಿಗೇ.

ಸಾಗರದಲ್ಲಿ ಮೂಳೆ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೀಲಿಕೈಯ ತುದಿಯಿಂದ ವರದಮ್ಮನ ಅಂಗಾಲನ್ನು ಗೀಚಿದರು. ಬೆರಳುಗಳು ಮುದುಡಿದವು. ಮತ್ತೊಂದು ಕಾಲು, ಅದೂ ಮುದುಡಿತು. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರಿನ ಕವಚ ಹಾಕುತ್ತೇವೆ, ಮೂರು ತಿಂಗಳಲ್ಲಿ ನಡೆಯುತ್ತಾರೆ ಎಂದರು.

"ಹೆರಗೋಡಿನಿಂದ ಅಂದ್ರಿ. ಆ ದಾರೀಲಿ ಹೇಗೆ ತಂದ್ರಿ ಇವರನ್ನ?"

ಶೇಷಪ್ಪ ಸ್ಪ್ರಿಂಗು, ಭಾರ, ಲಯ ಎಂದು ಶುರು ಮಾಡಿದ. ಎರಡು ವಾಕ್ಯಕ್ಕೇ ನಿಲ್ಲಿಸಿದ. "ಊರಿನವರು ಜೊತೇಲಿ ಕೂತು ಬಂದ್ರು" ಎಂದಷ್ಟೇ ಹೇಳಿದ.

ನಿಟ್ಟೂರಿಗೆ ಹೋಗುವ ಬಸ್ಸು ನಾಲ್ಕು ಗಂಟೆಗೆ. ಶೇಷಪ್ಪ ಆಸ್ಪತ್ರೆಯಿಂದ ಓಡುತ್ತ ಸ್ಟ್ಯಾಂಡಿಗೆ ಬಂದಾಗ ಕಂಡಕ್ಟರು ಸೀಟಿ ಬಾಯಿಗಿಟ್ಟಿದ್ದ.

"ನಿಟ್ಟೂರಲ್ಲಿ ಹೆರಗೋಡಿನ ಕಡೆ ಹೋಗೋರು ಯಾರಾದ್ರೂ ಸಿಕ್ಕಿದ್ರೆ ಹೇಳ್ಬೇಕು. ವರದಮ್ಮನ ಕಾಲಿಗೆ ಏನೂ ಆಗಿಲ್ಲ, ನಡೀತಾಳೆ ಅಂತ ಡಾಕ್ಟರು ಹೇಳಿದ್ರು ಅಂತ."

"ಯಾರಿಗೆ ಹೇಳ್ಬೇಕು?"

"ಕೆರಿಯಪ್ಪನಿಗೆ. ಮಂಜಯ್ಯನಿಗೆ, ಅವರ ಮನೆಯ ತುಂಗಮ್ಮನಿಗೆ. ಮೇಲಿನಮನೆ ಅಣ್ಣತಮ್ಮ ಇಬ್ಬರಿಗೆ. ವೆಂಕಮ್ಮನಿಗೆ..."

"ಒಬ್ಬರಿಗೆ ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತದೆ ಸಾರ್."

"ಇಲ್ಲ. ಒಬ್ಬೊಬ್ಬರಿಗೂ ಹೆಸರು ಹಿಡಿದು ಹೇಳ್ಬೇಕು. ಏಳು ಜನ. ಬರೆದುಕೊಡ್ತೀನಿ."

ಕಂಡಕ್ಟರು ಅವನ ಮುಖ ನೋಡಿ, ಸೀಟಿ ಕೆಳಗಿಳಿಸಿ, ಕಿವಿಯ ಸಂದಿನಿಂದ ಪೆನ್ಸಿಲು ತೆಗೆದು ಟಿಕೆಟ್ ಪುಸ್ತಕದ ಹಿಂಬದಿ ತಿರುಗಿಸಿದ. "ನೀವು ಹೇಳಿ, ನಾನೇ ಬರ್ಕೊಳ್ತೀನಿ." ಶೇಷಪ್ಪ ಮತ್ತೆ ಮೊದಲಿನಿಂದ ಹೇಳಿದ. "ಆರಾಯ್ತು. ಇನ್ನೊಬ್ಬರು ಯಾರು?"

"ಗದ್ದೆಮನೆ ಚೆನ್ನಪ್ಪ" ಎಂದ ಶೇಷಪ್ಪ.